'ಕ್ರ್ಯಾಪ್' ಬಂದದ್ದು ಕ್ರ್ಯಾಪರ್‌ನಿಂದಲ್ಲ

ಫ್ಲಶ್ ಟಾಯ್ಲೆಟ್ ಕಂಡುಹಿಡಿದವನು ಥಾಮಸ್ ಕ್ರ್ಯಾಪರ್, 'ಕ್ರ್ಯಾಪ್' ಅನ್ನೋ ಇಂಗ್ಲಿಷ್ ಬೈಗುಳ ಅವನ ಹೆಸರಿನಿಂದಲೇ ಬಂತು ಅಂತ ಒಂದು ವಾಟ್ಸಾಪ್ ಮೆಸೇಜ್ ಓಡಾಡುತ್ತಿದೆ. ಎರಡೂ ತಪ್ಪು.

ಈ ಪದ 15ನೇ ಶತಮಾನದಿಂದಲೇ ಇದೆ. ಆಗ ಅದರ ಅರ್ಥ ಕಾಳಿನ ಹೊಟ್ಟು. ಕೊಬ್ಬು ಕರಗಿಸಿದಾಗ ಉಳಿಯುವ ಚರಟಕ್ಕೂ ಹಾಗೇ ಅನ್ನುತ್ತಿದ್ದರು. ಬೇಡದ್ದು, ಕಸ ಅನ್ನೋ ಅರ್ಥ ಬೆಳೆದದ್ದು ಅಲ್ಲಿಂದ. ಆಕ್ಸ್‌ಫರ್ಡ್ ನಿಘಂಟು ಕಕ್ಕಸಿನ ಅರ್ಥಕ್ಕೆ 1846ರ ಬಳಕೆಯನ್ನು ತೋರಿಸುತ್ತದೆ. ಕ್ರ್ಯಾಪರ್ ಹುಟ್ಟಿದ್ದು 1836ರ ಸುಮಾರಿಗೆ. ಹತ್ತು ವರ್ಷದ ಹುಡುಗ ಯಾವ ಟಾಯ್ಲೆಟ್ ಮಾರುತ್ತಿದ್ದ ಹೇಳಿ!

ಫ್ಲಶ್ ಟಾಯ್ಲೆಟ್ಟಿಗೆ ಅಲೆಕ್ಸಾಂಡರ್ ಕಮಿಂಗ್ 1775ರಲ್ಲೇ ಪೇಟೆಂಟ್ ಪಡೆದಿದ್ದ. ಕ್ರ್ಯಾಪರ್ ಲಂಡನ್ನಿನಲ್ಲಿ ಹೆಸರು ಮಾಡಿದ ಪ್ಲಂಬರ್, ಅಷ್ಟು ಮಾತ್ರ ನಿಜ. ಆ ಮೆಸೇಜ್ ನಿಮಗೂ ಬಂದರೆ ದಯವಿಟ್ಟು ಸುಮ್ನೆ ಫಾರ್ವರ್ಡ್ ಮಾಡಬೇಡಿ.