ನಮ್ಮನೆ ಹಾಲ್‌ಗೆ ಮೆಡಿಟರೇನಿಯನ್ ಬಂದಿದ್ದು

ನಮ್ಮತ್ತೆ ಇವತ್ತಿಗೂ ಅದನ್ನ ಮೆಡಿಟೇಶನ್ ರೂಮು ಅಂತಾನೇ ಅನ್ನೋದು. ಅವರದ್ದೇನೂ ತಪ್ಪಿಲ್ಲ ಬಿಡಿ. ಫೆಬ್ರವರಿಯಲ್ಲಿ ಒಂದಿನ ಬೆಳಿಗ್ಗೆ ಅವರು ಕಾಯಿಚಟ್ನಿಗೆ ಮಿಕ್ಸಿ ತಿರುಗಿಸ್ತಾ ಇರೋವಾಗ ನಾನು ಅಡುಗೆಮನೆ ಬಾಗಿಲಲ್ಲೇ ನಿಂತ್ಕೊಂಡು "ಅತ್ತೆ, ಹಾಲ್‌ನ ಮೆಡಿಟರೇನಿಯನ್ ಸ್ಟೈಲಲ್ಲಿ ಮಾಡಿಸೋಣ ಅಂತಿದೀನಿ" ಅಂದೆ, ಮಿಕ್ಸಿ ಸದ್ದಲ್ಲಿ ಎಷ್ಟು ಕೇಳ್ತೋ ಅಷ್ಟು ಕೇಳ್ತು, "ಒಳ್ಳೇದೇ ಆಯ್ತು ಬಿಡು, ಈಗ್ಲಾದ್ರೂ ಮನಸ್ಸು ಆ ಕಡೆ ಹೋಯ್ತಲ್ಲ" ಅಂದ್ರು. ಹದಿಮೂರು ವರ್ಷದ ಸಂಸಾರದಲ್ಲಿ ನಾನು ಹೇಳಿದ್ದನ್ನ ಅವರು ಎರಡನೇ ಮಾತಿಲ್ಲದೆ ಒಪ್ಪಿದ್ದು ಅದೇ ಮೊದಲು. ಆ ಖುಷೀಲಿ ಯಾವ ಕಡೆ ಅಂತ ಕೇಳೋಕೆ ನಾನು ಹೋಗ್ಲಿಲ್ಲ.

ಈ ಹುಚ್ಚು ಹತ್ತಿದ್ದು ಮುಳ್ಳಯ್ಯನಗಿರಿ ರೋಡಿನ ಒಂದು ಹೋಮ್‌ಸ್ಟೇನಲ್ಲಿ. ನಾದಿನಿ ಮಗಳ ಬರ್ತ್‌ಡೇ ಅಂತ ಹೋಗಿದ್ವಿ. ಬಿಳಿ ಗೋಡೆ, ನೀಲಿ ಬಾಗಿಲು, ಕಮಾನು ಕಮಾನಾಗಿ ಗೂಡುಗಳು, ಗೂಡಲ್ಲಿ ಮಣ್ಣಿನ ಹೂಜಿ, ಕಬ್ಬಿಣದ ಕರಿ ಕರ್ಟನ್ ರಾಡು, ಕುಂಡದಲ್ಲಿ ಬೂದುಬಣ್ಣದ ಎಲೆಯ ಪುಟ್ಟ ಆಲಿವ್ ಗಿಡ. ಗ್ರೀಸಿನ ಸ್ಯಾಂಟೊರಿನಿ ದ್ವೀಪದ ತರ ಅಂತೆ. ಹೊರಗಡೆ ಪೇಪರ್ ಹೂವಿನ ಬಳ್ಳಿ ಬೇರೆ, ಅದೇ ಬೋಗನ್‌ವಿಲ್ಲಾ, ಸ್ಯಾಂಟೊರಿನಿ ಫೋಟೋದಲ್ಲೆಲ್ಲಾ ಇರುತ್ತಲ್ಲ, ಅದರ ಮೂಲ ಬ್ರೆಜಿಲ್ ಕಡೆದು ಅಂತ ಆಮೇಲೆ ಗೊತ್ತಾಯ್ತು, ಅಂದ್ರೆ ಗ್ರೀಸಿನವರಿಗೂ ಅದು ನಮ್ಮಷ್ಟೇ ಸ್ವಂತ. ನಾನು ಅಲ್ಲಿ ನೂರಾ ಹನ್ನೆರಡು ಫೋಟೋ ತೆಗೆದೆ, ಬರ್ತ್‌ಡೇ ಮಗು ಇರೋದು ನಾಲ್ಕರಲ್ಲಿ.

ಮನೇಲಿ ಫೋಟೋ ತೋರಿಸ್ದಾಗ ಮೊದಲು ಕೊಕ್ಕೆ ಹಾಕಿದ್ದು ಮಗ. ಶಾಲೇಲಿ ವಾಯುಗುಣದ ಪಾಠ ಆಗಿತ್ತು ಅವನಿಗೆ. "ಅಮ್ಮಾ, ಮೆಡಿಟರೇನಿಯನ್ ಅಂದ್ರೆ ಬೇಸಿಗೆ ಒಣ, ಮಳೆ ಚಳಿಗಾಲದಲ್ಲಿ, ನಮ್ದು ಪೂರ್ತಿ ಉಲ್ಟಾ" ಅಂದ. ಪೇಪರ್ ಓದ್ತಿದ್ದ ಮಾವ ಮಳೆ ಅನ್ನೋ ಪದ ಕಿವಿಗೆ ಬಿದ್ದಿದ್ದೇ ತಡ ಕನ್ನಡಕ ಮೇಲೇರಿಸಿದ್ರು. ಕಾಫಿ ಬೆಳೆಗಾರರಿಗೆ ಬೇರೆ ಯಾವ ವಿಷಯಾನೂ ವಿಷಯ ಅಲ್ಲ, ಕೊಟ್ಟಿಗೆಹಾರ ಕಡೆ ಇರೋ ತೋಟದಿಂದ ದಿನಾ ಬೆಳಿಗ್ಗೆ ಏಳಕ್ಕೆ ಲೆಕ್ಕ ಬರೆಯೋ ರೈಟರ್ ಫೋನ್ ಮಾಡಿ ಮಳೆ ಎಷ್ಟು ಇಂಚು ಎಷ್ಟು ಸೆಂಟ್, ಅಂದ್ರೆ ಇಂಚಿನ ನೂರರಲ್ಲೊಂದು ಪಾಲು, ಅಂತ ಒಪ್ಪಿಸ್ಲೇಬೇಕು, ಆಮೇಲೇನೇ ಇವರು ಕಾಫಿ ಕುಡಿಯೋದು. "ಎಷ್ಟು ಹುಯ್ಯುತ್ತಂತೆ ಅಲ್ಲಿ?" ಅಂದ್ರು. ನಾನು ಫೋನಲ್ಲಿ ನೋಡಿ ಅಥೆನ್ಸಲ್ಲಿ ವರ್ಷಕ್ಕೆ ಸುಮಾರು 400 ಮಿಲಿಮೀಟರ್ ಅಂದೆ. ಅವರು ಮನಸ್ಸಲ್ಲೇ 25ರಲ್ಲಿ ಭಾಗಿಸಿದ್ರು. "ಹದಿನಾರು ಇಂಚಾ? ವರ್ಷಕ್ಕಾ?" ಸ್ವಲ್ಪ ಹೊತ್ತು ಸುಮ್ನಿದ್ದು "ಪಾಪ" ಅಂದ್ರು. ಯಾರದೋ ಮನೇಲಿ ಸಾವಾಗಿದೆ ಅನ್ನೋ ತರ. ಆಮೇಲೆ "ಹೂಮಳೆನಾದ್ರೂ ಸರಿಯಾಗಿ ಬರುತ್ತಂತಾ?" ಅಂತ ಕೇಳಿದ್ರು, ಅದೇ ಕಾಫಿ ಹೂ ಬಿಡೋಕೆ ಬೇಕಾದ ಬೇಸಿಗೆ ಮಳೆ.

ನಮ್ಮನೆಯವರು ಯಾವುದಕ್ಕೂ ಬೇಡ ಅನ್ನಲಿಲ್ಲ, ಬಜೆಟ್ ಎಷ್ಟು ಅಂತ ಮಾತ್ರ ಕೇಳಿದ್ರು, ನಾನು ನಲವತ್ತು ಸಾವಿರ ಅಂದೆ, ಅವರು ಅದನ್ನ ಮನಸ್ಸಲ್ಲೇ ಎಂಬತ್ತು ಅಂತ ಬರ್ಕೊಂಡ್ರು.

ನೆಲದ ವಿಷಯ ಹೇಳೋಕೆ ನಂಗೆ ಸ್ವಲ್ಪ ನಾಚಿಕೆ. ಈ ಸ್ಟೈಲಿಗೆ ನೆಲ ಕೆಂಪಗಿರಬೇಕು, ಟೆರ್ರಾಕೋಟಾ, ಅಂದ್ರೆ ಸುಟ್ಟ ಮಣ್ಣಿನ ಬಿಲ್ಲೆ. ನಮ್ಮ ಹಾಲ್‌ನ ನೆಲ ಕೆಂಪಗೇ ಇತ್ತು. ಮಾವನ ತಂದೆ ಕಾಲದ ರೆಡ್ ಆಕ್ಸೈಡ್ ನೆಲ, ಅತ್ತೆ ವರ್ಷಾನುಗಟ್ಟಲೆ ತಿಕ್ಕಿ ತಿಕ್ಕಿ ಕನ್ನಡಿ ಮಾಡಿಟ್ಟಿದ್ದು, ಅದರಲ್ಲಿ ಮುಖ ನೋಡ್ಕೊಂಡು ತಲೆ ಬಾಚ್ಕೋಬಹುದಿತ್ತಂತೆ. 2011ರಲ್ಲಿ ಮದುವೆಯಾಗಿ ಬಂದ ಹೊಸ ಸೊಸೆ "ಇದೇನು ಹಳೇ ಕಾಲದ್ದು" ಅಂತ ಮೂಗು ಮುರಿದು, ಹಟ ಹಿಡಿದು, ಅದರ ಮೇಲೇ ವಿಟ್ರಿಫೈಡ್ ಟೈಲ್ಸ್ ಹಾಕಿಸಿದ್ಲು. ಆ ಸೊಸೆ ನಾನೇ. ಈಗ ಅಂಗಡೀಲಿ ಕೆಂಪು ಬಿಲ್ಲೆ ರೇಟ್ ಕೇಳಿ ತಲೆ ತಿರುಗಿ ಮನೆಗೆ ಬಂದಾಗ ಅತ್ತೆ ಏನೂ ಅನ್ನಲಿಲ್ಲ, ನೀರು ಕೊಟ್ರು, ನೆಲ ನೋಡಿದ್ರು, ನನ್ನ ನೋಡಿದ್ರು, ಒಳಗೆ ಹೋದ್ರು. ಬೈದಿದ್ರೆ ಚೆನ್ನಾಗಿತ್ತು. ಕೊನೆಗೆ ಒಂದು ಕೆಂಪು ಚಾಪೆ ಹಾಸಿ ಸಮಾಧಾನ ಮಾಡ್ಕೊಂಡೆ.

ಗೋಡೆ ಕತೆ ಇನ್ನೂ ದೊಡ್ಡದು. ಅಲ್ಲಿಯವರು ಮನೆಗೆ ಹೊಡೆಯೋದು ನಿಜವಾದ ಸುಣ್ಣ, ಬಿಸಿಲು ವಾಪಸ್ ಹೊಡೀಲಿ ಮನೆ ತಂಪಿರಲಿ ಅಂತ. ಬ್ರಷ್ಷಿನ ಗೀಟು ಕಾಣ್ಬೇಕು, ಒರಟೊರಟಾಗಿರಬೇಕು, ಅಲ್ಲಲ್ಲಿ ಮೋಡ ಮೋಡ ಇದ್ದಂಗಿರಬೇಕು, ಅದೇ ಅಂದ. ನಮ್ಮೂರ ಅಂಗಡೀಲಿ ಈ ಎಫೆಕ್ಟ್ ಬರೋ ಪೇಂಟು ಡಬ್ಬದಲ್ಲಿ ಸಿಗುತ್ತೆ, ಸುಣ್ಣದ ಹತ್ತು ಪಟ್ಟು ರೇಟು. ಪೇಂಟರ್ ಅಣ್ಣ ಡಬ್ಬ ಮೂಸಿ ನೋಡಿ "ಮೇಡಂ, ಇದು ಸುಣ್ಣದ ತರ ಕಾಣೋ ಪೇಂಟಾ? ಸುಣ್ಣಾನೇ ಹೊಡೀಬಹುದಲ್ಲ" ಅಂದ್ರು. ಎಂಥ ಮಾತು ಹೇಳಿದ್ರು ಅಂತ ಜುಲೈಯಲ್ಲಿ ನೆನಪಾಯ್ತು, ಆವತ್ತು ಮಾತ್ರ ನಾನು ನಕ್ಕು ಫೋನಲ್ಲಿ ವಿಡಿಯೋ ತೋರಿಸ್ದೆ. ಅವರು ಮೂರು ಸಲ ನೋಡಿ, ಕೆಲಸ ಕಲಿಯೋ ಹುಡುಗ ಮಾಡಿದಂಗಿದೆ ಅಂದ್ರು. ಹಂಗೇ ಬೇಕು ಅಂದೆ. ಇಪ್ಪತ್ತು ವರ್ಷದ ಸರ್ವಿಸಲ್ಲಿ ಕೆಟ್ಟದಾಗಿ ಮಾಡಿ ಅಂತ ದುಡ್ಡು ಕೊಡ್ತಿರೋದು ನೀವೇ ಮೊದ್ಲು ಅಂತ ತಲೆ ಆಡಿಸ್ಕೊಂಡು ಶುರು ಮಾಡಿದ್ರು.

ಎರಡು ದಿನ ನಾನು ರಜ ಹಾಕಿ ಪಕ್ಕದಲ್ಲೇ ನಿಂತು ಒರಟು ಮಾಡಿಸ್ದೆ. ಸೂಪರಾಗಿ ಬಂದಿತ್ತು ಕಣ್ರೀ. ಮೂರನೇ ದಿನ ಆಫೀಸಿಗೆ ಹೋಗಲೇಬೇಕಿತ್ತು. ಸಂಜೆ ಬಂದು ನೋಡ್ತೀನಿ, ಗೋಡೆ ನುಣ್ಣಗೆ ಬೆಣ್ಣೆ ತರ ಹೊಳೀತಿದೆ. ಅತ್ತೆ ಸೋಫಾ ಮೇಲೆ ಗೆದ್ದ ಮುಖ ಹಾಕ್ಕೊಂಡು ಕೂತಿದ್ರು. "ನೀನಿಲ್ಲ ಅಂತ ಮೋಸ ಮಾಡೋಕೆ ನೋಡ್ದ ನೋಡು, ಗೋಡೆಯೆಲ್ಲ ಗೀಟು ಗೀಟು, ನಾನು ಬಿಡ್ತೀನಾ, ಎಮ್ರಿ ಪೇಪರ್ ಹಾಕಿ ಉಜ್ಜಿಸಿ, ಪುಟ್ಟಿ ಎಳೆಸಿ, ಇನ್ನೊಂದು ಕೋಟ್ ಹೊಡೆಸ್ದೆ." ಪೇಂಟರ್ ಅಣ್ಣ ಮೂಲೇಲಿ ಬ್ರಷ್ ತೊಳೀತಾ ನನ್ನ ಕಡೆ ನೋಡ್ಲೇ ಇಲ್ಲ, ಆದ್ರೆ ಅವರ ಮುಖದಲ್ಲೂ ಎರಡು ದಿನದಿಂದ ಕಟ್ಟಿದ್ದ ಮೂಗು ಬಿಟ್ಟಂಗೆ ಒಂದು ನೆಮ್ಮದಿ ಇತ್ತು.

ನೀಲಿ ಬಾಗಿಲಂತೂ ಆಗಲೇ ಇಲ್ಲ. ನಮ್ಮ ಮುಂಬಾಗಿಲು ಬೀಟೆ ಮರದ್ದು. ಮಲೆನಾಡಲ್ಲಿ ಬೀಟೆ ಮರಕ್ಕೆ ಪೇಂಟ್ ಹೊಡೀತೀನಿ ಅನ್ನೋದೂ ಒಂದೇ, ಗೋವಿಗೆ ಮೇಕಪ್ ಮಾಡ್ತೀನಿ ಅನ್ನೋದೂ ಒಂದೇ, ನಂಗೆ ಅಷ್ಟು ಗೊತ್ತಿರಬೇಕಿತ್ತು. ಮಾವ ಜಗಳ ಆಡಲಿಲ್ಲ, ಅವರ ಸ್ವಭಾವ ಅಲ್ಲ ಅದು. ಪೇಂಟರ್ ಬರೋ ದಿನ ಬೆಳಿಗ್ಗೆ ಆರಾಮ್ ಕುರ್ಚಿ ತಂದು ಹೊಸ್ತಿಲಿಗೆ ಅಡ್ಡ ಹಾಕಿ, ಎರಡು ಪೇಪರ್ ಹಿಡ್ಕೊಂಡು ಕೂತ್ರು. ತಿಂಡಿ ಅಲ್ಲೇ, ಕಾಫಿ ಅಲ್ಲೇ, ಮಧ್ಯಾಹ್ನ ಊಟಕ್ಕೆ ಎದ್ದಾಗ ಆ ಜಾಗದಲ್ಲಿ ಅತ್ತೆ ಕೂತು ಎಲೆಡಿಕೆ ಹಾಕಿದ್ರು. ಮಿಕ್ಸ್ ಮಾಡಿಸಿ ತಂದ ನಾಲ್ಕು ಲೀಟರ್ ನೀಲಿ ಅಂಗಡಿಯೋನು ವಾಪಸ್ ತಗೊಳ್ಳಲ್ಲ ಅಂದ. ವೇಸ್ಟ್ ಯಾಕೆ ಅಂತ ಅತ್ತೆ ಮುಂದೆ ನಿಂತು ಹಿತ್ತಲ ಬಾಗಿಲು, ಗೇಟು, ನಾಯಿ ಗೂಡು, ನೀರಿನ ಟ್ಯಾಂಕಿನ ಸ್ಟ್ಯಾಂಡು, ಹಳೇ ಏಣಿ, ಎಲ್ಲದಕ್ಕೂ ಹೊಡೆಸಿದ್ರು. ಹಿಂಗಾಗಿ ನಮ್ಮನೆ ಹಿತ್ತಲು ಮಾತ್ರ ಅಪ್ಪಟ ಸ್ಯಾಂಟೊರಿನಿ, ಬಟ್ಟೆ ಒಗೆಯೋ ಕಲ್ಲಿನ ಹತ್ರ ನಿಂತ್ರೆ ಒಳ್ಳೆ ಸೆಲ್ಫಿ ಬರುತ್ತೆ. ಆ ಬಣ್ಣ ನೋಡಿ ಅತ್ತೆ "ನಮ್ಮ ತೌರುಮನೇಲಿ ಹಬ್ಬಕ್ಕೆ ಸುಣ್ಣಕ್ಕೆ ಬಟ್ಟೆ ನೀಲಿ ಕಲಸಿ ಹೊಡೀತಿದ್ರು, ಇದೇ ಬಣ್ಣ, ಎಂಟಾಣೆ ಖರ್ಚು" ಅಂದ್ರು. ಗ್ರೀಸಿನ ದ್ವೀಪಗಳಲ್ಲೂ ಹಿಂದೆ ಬಟ್ಟೆಗೆ ಹಾಕೋ ನೀಲಿಪುಡಿನೇ ಸುಣ್ಣಕ್ಕೆ ಬೆರೆಸ್ತಿದ್ರಂತೆ, ಅದಕ್ಕೆ ಲೂಲಾಕಿ ಅಂತಾರಂತೆ. ಇದನ್ನ ನಾನು ಅತ್ತೆಗೆ ಹೇಳಿಲ್ಲ. ಹೇಳೋದೂ ಇಲ್ಲ.

ಉಳಿದಿದ್ದು ಕಮಾನಿನ ಗೂಡು. ಟಿವಿ ಪಕ್ಕದ ಗೋಡೇಲಿ ಹಳೇ ಶೋಕೇಸ್ ಕಿತ್ತು, ಗಾರೆಯವರ ಕೈಲಿ ಚಂದ ಕಮಾನು ಮಾಡಿಸಿ, ಹೂಜಿ ಇಡೋಣ ಅಂತ ಬಿಟ್ಟಿದ್ದೆ. ಗುರುವಾರ ಸಂಜೆ ಆಫೀಸಿಂದ ಬಂದೆ, ಬಾಗಿಲ ಹತ್ರ ಆರು ಜೊತೆ ಚಪ್ಪಲಿ, ಹಾಲ್ ಕತ್ತಲೆ, ನಾನು ಒಳಗೆ ಕಾಲಿಟ್ಟವಳೇ "ಯಾರ್ರೀ ಇದು ಟಿವಿ ವೈರ್ ಕಿತ್ತಿರೋದು" ಅಂತ ಕೂಗಿದ್ದು ಅರ್ಧ ಬೀದಿಗೆ ಕೇಳ್ತು. ಆರು ಜನ ಹೆಂಗಸ್ರು ನನ್ನ ಕೆಂಪು ಚಾಪೆ ಮೇಲೆ ಚಕ್ಕಂಬಕ್ಕಲ ಹಾಕ್ಕೊಂಡು ಕಣ್ಣು ಮುಚ್ಚಿ ಕೂತಿದಾರೆ, ಗೂಡಲ್ಲಿ ಗಣಪತಿ, ಮುಂದೆ ದೀಪ, ಊದುಬತ್ತಿ. ಪಕ್ಕದ್ಮನೆ ಆಂಟಿ ಒಂದು ಕಣ್ಣು ಮಾತ್ರ ಬಿಟ್ಟು "ಶ್ಶ್" ಅಂದ್ರು. ನನ್ನ ಮನೇಲಿ ನಾನು ತುದಿಗಾಲಲ್ಲಿ ಅಡುಗೆಮನೆಗೆ ಹೋಗಿ, ಸ್ಟೀಲ್ ಲೋಟ ಸದ್ದಾಗುತ್ತೆ ಅಂತ ಪ್ಲಾಸ್ಟಿಕ್ ಲೋಟದಲ್ಲಿ ಕಾಫಿ ಕುಡಿದೆ. ಆಮೇಲೆ ಎಲ್ಲರೂ ಬಂದು ಕೈ ಹಿಡ್ಕೊಂಡು "ಈ ಕಾಲದಲ್ಲಿ ಯಾವ ಸೊಸೆ ಅತ್ತೆಗೋಸ್ಕರ ಮೆಡಿಟೇಶನ್ ರೂಮು ಕಟ್ಟಿಸ್ತಾಳೆ ಹೇಳು" ಅಂದ್ರು, ಒಬ್ಬರ ಕಣ್ಣಲ್ಲಂತೂ ನೀರೇ ಬಂತು. ಈಗ ಇಲ್ಲ ಅನ್ನೋಕಾಗುತ್ತಾ? ಎಲ್ಲಾ ಅತ್ತೆ ಆಶೀರ್ವಾದ ಅಂದೆ. ಹೂಜಿ ಈಗ ಬಚ್ಚಲಲ್ಲಿದೆ.

ಆಲಿವ್ ಗಿಡಾನ ಆನ್‌ಲೈನಲ್ಲಿ ತರಿಸಿದ್ದೆ. ಬೇರಿನಲ್ಲಿ ನೀರು ನಿಂತ್ರೆ ಅದಕ್ಕೆ ಆಗಲ್ಲ, ಕಲ್ಲು ಮಣ್ಣಿನ ಒಣ ಗುಡ್ಡದಲ್ಲಿ ನೂರಾರು ವರ್ಷ ಬದುಕೋ ಗಿಡ ಅದು. ನಮ್ಮೂರಲ್ಲಿ ಜೂನ್ ಇಪ್ಪತ್ತರವರೆಗೆ ಬದುಕಿತ್ತು. ಖಾಲಿ ಕುಂಡ ನೋಡೋಕಾಗದೆ ಮಾವ ತೋಟದಿಂದ ಒಂದು ರೊಬಸ್ಟಾ ಸಸಿ ತಂದು ನೆಟ್ರು. ಬೆಂಗಳೂರಿಂದ ಬಂದ ಚಿಕ್ಕಮ್ಮನ ಸೊಸೆ ಅದನ್ನ ಮುಟ್ಟಿ ಮುಟ್ಟಿ ನೋಡಿ "ವಾವ್, ಆಲಿವ್ ಇಲ್ಲೂ ಬರುತ್ತಾ ಅಕ್ಕ?" ಅಂತ ಕೇಳಿದ್ಲು. ನಾನು ಹ್ಞೂಂ ಅಂದೆ. ಕಾಫಿ ಎಲೆ ಅಗಲ, ಹೊಳಪು, ಆಲಿವ್ ಎಲೆ ಸಣ್ಣ ಕಡ್ಡಿ ತರ, ಗೊತ್ತಿರೋರಿಗೆ ಒಂದು ಕ್ಷಣ ಸಾಕು, ಆದ್ರೆ ಅವಳು ಸ್ಟೇಟಸ್ ಹಾಕಿ ಆಗಿತ್ತು.

ಸೋಫಾಗೆ ಹಾಲುಬಿಳಿ ಲಿನನ್ ಕವರ್ ಹಾಕಿಸಿದ್ದು ಮೇ ತಿಂಗಳಲ್ಲಿ, ಹಲಸಿನ ಹಣ್ಣಿನ ಕಾಲ, ಇದೊಂದು ವಾಕ್ಯದಲ್ಲೇ ನಿಮಗೆ ಮುಂದಿನದ್ದು ಅರ್ಥವಾಗಿರುತ್ತೆ. ಮೇಣ ಹೋಗಲಿ ಅಂತ ಕೊಬ್ಬರಿಎಣ್ಣೆ ಹಚ್ಚಿದೆ, ಎಣ್ಣೆ ಹೋಗಲಿ ಅಂತ ಸೋಪ್ ಪುಡಿ, ಸೋಪ್ ಕಲೆ ಹೋಗಲಿ ಅಂತ ನಿಂಬೆಹಣ್ಣು, ಕೊನೆಗೆ ಆ ಜಾಗದ ಮೇಲೆ ದಿಂಬು. ಆಮೇಲೆ ಜುಲೈಯಲ್ಲಿ ತೋಟದ ಲೆಕ್ಕ ಒಪ್ಪಿಸೋಕೆ ರೈಟರ್ ಬಂದ್ರು. ಪಾಪ ಬೇಡ ಬೇಡ ಅಂದ್ರೂ ನಾನೇ ಒತ್ತಾಯ ಮಾಡಿ ಸೋಫಾ ಮೇಲೆ ಕೂರಿಸ್ದೆ. ಅವರ ಜೊತೆ ಕಾಲಲ್ಲಿ ಒಂದು ಇಂಬಳಾನೂ ಬಂದಿತ್ತು. ಇಂಬಳ ಕಚ್ಚಿದ್ದು ಗೊತ್ತೇ ಆಗಲ್ಲ, ಅದರ ಜೊಲ್ಲು ರಕ್ತಾನ ಹೆಪ್ಪುಗಟ್ಟೋಕೆ ಬಿಡಲ್ಲ, ಅದು ಕುಡಿದು ಬಿದ್ದುಹೋದ ಮೇಲೂ ಸೋರ್ತಾನೇ ಇರುತ್ತೆ. ಅವರು ಕಾಫಿ ಕುಡಿದು ಎದ್ದಾಗ ನನ್ನ ಬಿಳಿ ಸೋಫಾ ನೋಡಿದ್ರೆ ಯಾರಾದ್ರೂ ಪೊಲೀಸ್ರಿಗೆ ಫೋನ್ ಮಾಡ್ಬೇಕು. ಅತ್ತೆ ಓಡಿಬಂದು ಎಲೆಡಿಕೆ ಡಬ್ಬಿಯಿಂದ ಒಂಚೂರು ಸುಣ್ಣ ತೆಗೆದು ಅವರ ಕಾಲಿಗೆ ಒತ್ತಿದ್ರು. ಅಷ್ಟೆಲ್ಲ ಖರ್ಚು ಮಾಡಿದ ಆ ಹಾಲ್‌ನಲ್ಲಿ ಅಸಲಿ ಸುಣ್ಣ ಅಂತ ಬಿದ್ದಿದ್ದು ಅದೊಂದೇ.

ಅದಕ್ಕೂ ಮುಂಚೆನೇ ಗೋಡೆಗೆ ಬೂಸ್ಟು ಬರೋಕೆ ಶುರುವಾಗಿತ್ತು. ಪಶ್ಚಿಮದ ಗೋಡೆ, ಮಳೆ ಹೊಡೆಯೋ ಕಡೆ. ಮೊದಲು ಸಾಸಿವೆ ತರ ಕಪ್ಪು ಚುಕ್ಕಿ, ಆಮೇಲೆ ಹಸಿರು, ಆಮೇಲೆ ಪೇಂಟು ಹಪ್ಪಳದ ತರ ಉಬ್ಬಿ ಎದ್ದು ಬಂತು. ಪೇಂಟರ್ ಅಣ್ಣನಿಗೆ ಫೋನ್ ಮಾಡಿದ್ರೆ, ಸುಣ್ಣ ಆಗಿದ್ರೆ ಗೋಡೆ ಉಸಿರಾಡ್ತಿತ್ತು, ಬೂಸ್ಟಿಗೂ ಸುಣ್ಣದ ಖಾರ ಆಗಲ್ಲ, ಇದು ಪ್ಲಾಸ್ಟಿಕ್ ಪೇಂಟು ಮೇಡಂ, ತೇವ ಒಳಗೇ ಕೂತ್ಕೊಳ್ಳುತ್ತೆ ಅಂದ್ರು. ಒಂದು ಸಮಾಧಾನ, ಈಗ ಗೋಡೆ ಒರಟಾಗಿದೆ, ಮೋಡ ಮೋಡನೂ ಇದೆ.

ನಿನ್ನೆ ಗುರುವಾರ. ಕಬ್ಬಿಣದ ಕರ್ಟನ್ ರಾಡಿನ ತುಂಬ ಒಣಗದ ಯೂನಿಫಾರ್ಮು, ಲಂಗ, ಮಾವನ ಸ್ವೆಟರ್ ನೇತಾಡ್ತಿದ್ವು. ಮಳೆಗಾಲದಲ್ಲಿ ಇನ್ನೆಲ್ಲಿ ಹಾಕೋದು ಹೇಳಿ. ಅದರ ಕೆಳಗೆ ಆರು ಜನ ಕಣ್ಣು ಮುಚ್ಚಿ ಕೂತಿದ್ರು, ಪಕ್ಕದ್ಮನೆ ಆಂಟಿ ತಲೆ ಮೇಲೆ ಒಂದು ಸಾಕ್ಸು ತೊಟ್ಟಿಕ್ಕುತ್ತಾ ಇತ್ತು, ಅವರು ಅಲ್ಲಾಡ್ಲಿಲ್ಲ, ಅಷ್ಟರ ಮಟ್ಟಿಗೆ ಧ್ಯಾನ ಕೂತಿದೆ. ನಾನು ಲೋಟ ಹಿಡ್ಕೊಂಡು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ. ಮಾವ ಫೋನ್ ಇಟ್ಟು ತುದಿಗಾಲಲ್ಲಿ ಬಂದು ನನ್ನ ಕಿವಿ ಹತ್ರ ಪಿಸುಗುಟ್ಟಿದ್ರು.

"ತೋಟದಲ್ಲಿ ಬೆಳಿಗ್ಗೆಯಿಂದ ನಾಲ್ಕು ಇಂಚು. ನಿನ್ನ ಗ್ರೀಸಿಗೆ ಮೂರು ತಿಂಗಳಿಗಾಗುತ್ತೆ ನೋಡು."