ಆಡಿಸುವವರೂ ಬೇಕು, ಭಾವ

ಅಕ್ಕನ ಮಗಳು ಡಿಗ್ರಿಗೆ ಸ್ಪೋರ್ಟ್ಸ್ ಮತ್ತು ಫಿಟ್‌ನೆಸ್ ಮ್ಯಾನೇಜ್‌ಮೆಂಟ್ ತಗೊಳ್ತೀನಿ ಅಂದ ದಿನದಿಂದ ಆ ಮನೆಯಲ್ಲಿ ಯಾರಿಗೂ ಸಮಾಧಾನವಿಲ್ಲ. ಪಿಯುಸಿಯಲ್ಲಿ ಒಳ್ಳೆಯ ಮಾರ್ಕ್ಸ್ ಬಂದಿದೆ. ಖೋ ಖೋ ಚೆನ್ನಾಗಿ ಆಡುತ್ತಿದ್ದಳು, ಮಂಡಿಯ ಲಿಗಮೆಂಟ್ ಹರಿದ ಮೇಲೆ ಬಿಟ್ಟಳು. "ಆಡೋಕೇ ಆಗಲ್ಲ ಅಂದ್ಮೇಲೆ ಅದನ್ನ ಓದಿ ಏನ್ ಮಾಡ್ತಾಳೆ? ಪಿ.ಟಿ. ಮೇಡಂ ಆಗ್ತಾಳಾ?" ಅಂತ ಭಾವ ಫೋನಿನಲ್ಲಿ ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತಿದ್ದೇನೆ.

2025ರ ಜೂನ್ 4 ನೆನಪಿದೆ ಅಲ್ವಾ? ಹಿಂದಿನ ರಾತ್ರಿ ಆರ್‌ಸಿಬಿ ಮೊದಲ ಸಲ ಐಪಿಎಲ್ ಕಪ್ ಗೆದ್ದಿತ್ತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಹತ್ತಿರ ನೂಕುನುಗ್ಗಲಿನಲ್ಲಿ 11 ಜನ ಸತ್ತರು. ಒಳಗೆ ಹಿಡಿಯುವುದು ಸುಮಾರು 35 ಸಾವಿರ ಜನ. ಸುತ್ತಮುತ್ತ ಸೇರಿದ್ದು ಲಕ್ಷಗಟ್ಟಲೆ. ಯಾರ ತಪ್ಪು ಅನ್ನುವ ಚರ್ಚೆಗೆ ನಾನು ಹೋಗುವುದಿಲ್ಲ. ಆದರೆ ಜನರನ್ನು ಮೈದಾನಕ್ಕೆ ಕರೆದು, ಸಂಜೆ ಕ್ಷೇಮವಾಗಿ ಮನೆಗೆ ಕಳಿಸುವುದು ಒಂದು ವಿದ್ಯೆ ಭಾವ. ಅದನ್ನು ಕೂತು ಕಲಿಯಬೇಕು.

ಇಂಗ್ಲೆಂಡಿನವರು ಅದಕ್ಕೆ ತುಂಬಾ ದೊಡ್ಡ ಬೆಲೆ ಕೊಟ್ಟಿದ್ದಾರೆ. 1989ರಲ್ಲಿ ಶೆಫೀಲ್ಡ್‌ನ ಹಿಲ್ಸ್‌ಬರೋ ಫುಟ್‌ಬಾಲ್ ಮೈದಾನದಲ್ಲಿ ಆದ ಒತ್ತಾಟಕ್ಕೆ ಒಟ್ಟು 97 ಜೀವ ಹೋಯಿತು. ಆಮೇಲೆ ದೊಡ್ಡ ಕ್ಲಬ್ಬುಗಳ ಮೈದಾನಗಳಲ್ಲಿ ಎಲ್ಲರಿಗೂ ಕುರ್ಚಿ ಕಡ್ಡಾಯವಾಯಿತು. ನಿಂತು ನೋಡುವ ಕಡೆ 10 ಚದರ ಮೀಟರ್ ಜಾಗಕ್ಕೆ 47 ಜನಕ್ಕಿಂತ ಜಾಸ್ತಿ ಇರಬಾರದು ಅಂತ ಅಲ್ಲಿ ಲೆಕ್ಕ ಇದೆ. ಗೇಟು ಎಷ್ಟು ಅಗಲ ಇರಬೇಕು, ಅದರಲ್ಲಿ ಎಷ್ಟು ಹೊತ್ತಿಗೆ ಎಷ್ಟು ಜನ ದಾಟಬಹುದು, ಎಲ್ಲಕ್ಕೂ ಲೆಕ್ಕ. ಕಣ್ಣಂದಾಜು ಸಾಲದು.

ಇನ್ನು ಫಿಟ್‌ನೆಸ್ ವಿಷಯ. 2021ರ ಅಕ್ಟೋಬರ್ 29ರಂದು ಅಪ್ಪು ಹೋದಾಗ ಎಷ್ಟೋ ಜನ ಜಿಮ್ ಅಂದರೆ ಹೆದರಿದರು. ನಾನೂ ಬಿಟ್ಟೆ. ಎರಡು ವರ್ಷದ ಮೇಲೆ ಇನ್ನೊಂದು ಕಡೆ ಸೇರಿದೆ. ನನ್ನ ಹೆಸರು, ತೂಕ ಬರೆದುಕೊಂಡರು, ಫೀಸು ಕಟ್ಟಿಸಿಕೊಂಡರು, ಅಷ್ಟೇ. ನಮ್ಮಪ್ಪನಿಗೆ ಹೃದಯದ ತೊಂದರೆ ಇತ್ತು. ಅದನ್ನು ಯಾರೂ ಕೇಳಲಿಲ್ಲ! ಇದನ್ನು ಓದಿದವರು ಮೊದಲ ದಿನವೇ ಕೇಳುತ್ತಾರೆ: ಎದೆನೋವು ಬಂದಿತ್ತಾ, ತಲೆ ಸುತ್ತುತ್ತಾ, ಬಿಪಿ ಎಷ್ಟು, ಮನೆಯಲ್ಲಿ ಯಾರಿಗಾದರೂ ಹಾರ್ಟ್ ಅಟ್ಯಾಕ್ ಆಗಿತ್ತಾ? ಅನುಮಾನ ಬಂದರೆ ಡಾಕ್ಟರ್ ಹತ್ತಿರ ಕಳಿಸುತ್ತಾರೆ. ಯಾರಾದರೂ ಕುಸಿದು ಬಿದ್ದು ಉಸಿರು ನಿಂತರೆ, ಆಂಬುಲೆನ್ಸ್ ಬರುವವರೆಗೂ ನಿಮಿಷಕ್ಕೆ 100ರಿಂದ 120 ಸಲ ಎದೆ ಒತ್ತುವುದು ಅವರಿಗೆ ಗೊತ್ತಿರುತ್ತದೆ.

ಹಾಗಂತ ಎಲ್ಲಾ ಕೋರ್ಸೂ ಒಳ್ಳೆಯದು ಅನ್ನುವುದಿಲ್ಲ. ಕೆಲವು ಕಡೆ ಬ್ರ್ಯಾಂಡು, ಸ್ಪಾನ್ಸರು ಅಂತ ಮೂರು ವರ್ಷ ಸುಮ್ನೆ ಸ್ಲೈಡ್ ತೋರಿಸಿ ಕಳಿಸುತ್ತಾರೆ. ಸೀಟು ತಗೊಳ್ಳುವ ಮೊದಲು ಕಾಲೇಜಿನವರನ್ನು ಕೇಳಿ: ಮಕ್ಕಳು ಎಷ್ಟು ಟೂರ್ನಮೆಂಟ್ ತಾವೇ ನಡೆಸುತ್ತಾರೆ? ಮೈದಾನ ಎಲ್ಲಿದೆ? ಇಂಟರ್ನ್‌ಶಿಪ್‌ನಲ್ಲಿ ಏನು ಕೆಲಸ ಕೊಡುತ್ತಾರೆ? ಉತ್ತರ ತಡವರಿಸಿದರೆ ಎದ್ದು ಬನ್ನಿ. ಶುರುವಿನಲ್ಲಿ ಸಂಬಳ ಕಡಿಮೆ ಇರಬಹುದು, ಅದನ್ನೂ ಮಗಳಿಗೆ ಮುಚ್ಚುಮರೆ ಇಲ್ಲದೆ ಹೇಳಿ.

ನಮ್ಮಲ್ಲೇ ಕಲಿಯುವುದಕ್ಕೆ ಎಂಥ ಜಾಗ ಇದೆ ಗೊತ್ತಾ! ಕೊಡಗಿನ ಹಾಕಿ ಹಬ್ಬ. 1997ರಲ್ಲಿ ಕರಡದಲ್ಲಿ 60 ಕುಟುಂಬಗಳ ತಂಡಗಳಿಂದ ಶುರುವಾಯಿತು. 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳು ಆಡಿದವು. ಹೆಂಗಸರೂ ಗಂಡಸರ ಜೊತೆ ಒಂದೇ ತಂಡದಲ್ಲಿ ಆಡುತ್ತಾರೆ. ಒಂದೊಂದು ವರ್ಷ ಒಂದೊಂದು ಕುಟುಂಬ ಹೊಣೆ ಹೊತ್ತು ನಡೆಸಿಕೊಡುತ್ತದೆ. ಇದನ್ನು ಹೇಳಿದ್ದೇ ತಡ, ಹುಡುಗಿ ಫೋನ್ ಕಿತ್ತುಕೊಂಡು ಕೇಳಿದಳು: "ಮಾಮಾ, ಅಷ್ಟು ತಂಡಗಳಿಗೆ ಮ್ಯಾಚ್ ಪಟ್ಟಿ ಹೇಗೆ ಹಾಕ್ತಾರೆ? ನೋಡ್ಬೇಕು ನಾನು."

ಮುಂದಿನ ಹಬ್ಬಕ್ಕೆ ಕರೆದುಕೊಂಡು ಹೋಗುತ್ತೇನೆ ಅಂತ ಮಾತು ಕೊಟ್ಟಿದ್ದೇನೆ. ಭಾವ, ನೀವೂ ಬನ್ನಿ.