ಸ್ಪಷ್ಟನೆ: ವಿಶ್ವಾಸಾಂತರಗಳು ಒಂದರ ಮೇಲೊಂದು ಬಂದರೆ ವ್ಯತ್ಯಾಸವೇ ಇಲ್ಲ ಎಂದಲ್ಲ

‘ಎರಡು ಗುಂಪುಗಳ ಶೇ 95ರ ವಿಶ್ವಾಸಾಂತರಗಳು ಒಂದರ ಮೇಲೊಂದು ಬಂದರೆ ಅವುಗಳ ಸರಾಸರಿಗಳಲ್ಲಿ ಗಣನೀಯ ವ್ಯತ್ಯಾಸವಿಲ್ಲ’ ಎಂಬ ಸಂದೇಶ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ವಿಶ್ವಾಸಾಂತರ (confidence interval) ಎಂದರೆ ಮಾದರಿಯಿಂದ ಅಂದಾಜಿಸಿದ, ನಿಜವಾದ ಸರಾಸರಿ ಇರಬಹುದಾದ ವ್ಯಾಪ್ತಿ; ‘ಗಣನೀಯ’ ಎಂದರೆ ಬರೀ ಆಕಸ್ಮಿಕ ಎಂದು ತಳ್ಳಿಹಾಕಲಾಗದ್ದು. ಆ ಸಂದೇಶ ತಪ್ಪು.

ಲೆಕ್ಕ ಹಾಕಿಯೇ ನೋಡೋಣ. ಎರಡು ದೊಡ್ಡ, ಸ್ವತಂತ್ರ ಮಾದರಿಗಳ ಸರಾಸರಿ 50 ಮತ್ತು 55, ಎರಡರ ಸ್ಟ್ಯಾಂಡರ್ಡ್ ಎರರ್ (ಮಾದರಿಯಿಂದ ಮಾದರಿಗೆ ಸರಾಸರಿ ಎಷ್ಟು ಏರುಪೇರಾಗಬಹುದು ಎಂಬುದರ ಅಳತೆ) ತಲಾ 1.5 ಎಂದುಕೊಳ್ಳಿ. ಸರಾಸರಿಯ ಎರಡೂ ಬದಿಗೆ ಸ್ಟ್ಯಾಂಡರ್ಡ್ ಎರರ್‌ನ 1.96 ಪಟ್ಟು ಹಿಡಿದರೆ ಮೊದಲನೆಯದರ ವಿಶ್ವಾಸಾಂತರ 47.06ರಿಂದ 52.94, ಎರಡನೆಯದರದು 52.06ರಿಂದ 57.94. ಅಂಚಿನಲ್ಲಿ ಒಂದರ ಮೇಲೊಂದು ಬಂದಿವೆ, ನಿಜ. ಆದರೆ ನಮ್ಮ ಪ್ರಶ್ನೆ ಇರುವುದು ವ್ಯತ್ಯಾಸದ ಬಗ್ಗೆ. ವ್ಯತ್ಯಾಸ 5, ಅದರ ಸ್ಟ್ಯಾಂಡರ್ಡ್ ಎರರ್ 1.5 ಮತ್ತು 1.5ರ ಮೊತ್ತವಾದ 3 ಅಲ್ಲ, ಅವುಗಳ ವರ್ಗಗಳ ಮೊತ್ತದ ವರ್ಗಮೂಲ, ಅಂದರೆ ಸುಮಾರು 2.12. ಹಾಗಾಗಿ ವ್ಯತ್ಯಾಸದ ವಿಶ್ವಾಸಾಂತರ 0.84ರಿಂದ 9.16. ಇದರಲ್ಲಿ ಸೊನ್ನೆ, ಅಂದರೆ ‘ವ್ಯತ್ಯಾಸವೇ ಇಲ್ಲ’ ಎಂಬ ಮೌಲ್ಯ, ಇಲ್ಲ. ಪಿ-ಮೌಲ್ಯ (ನಿಜಕ್ಕೂ ವ್ಯತ್ಯಾಸ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಕಾಣುವ ಸಂಭವ) ಸುಮಾರು 0.018, ಅಂದರೆ 0.05ಕ್ಕಿಂತ ಕಡಿಮೆ. ಶೇ 5ರ ಮಟ್ಟದಲ್ಲಿ ವ್ಯತ್ಯಾಸ ಗಣನೀಯವೇ.

ಎರಡು ವಿಶ್ವಾಸಾಂತರಗಳನ್ನು ಕಣ್ಣಳತೆಯಲ್ಲಿ ಹೋಲಿಸುವಾಗ ನಾವು ಅರಿಯದೆ ಸ್ಟ್ಯಾಂಡರ್ಡ್ ಎರರ್‌ಗಳನ್ನು ನೇರವಾಗಿ ಕೂಡಿಬಿಡುತ್ತೇವೆ. ಎಡವುವುದು ಅಲ್ಲೇ. ವಿಶ್ವಾಸಾಂತರಗಳು ಪೂರ್ತಿ ಬೇರೆಯಾಗಿದ್ದರೆ ವ್ಯತ್ಯಾಸ ಗಣನೀಯ ಎನ್ನಬಹುದು, ತಿರುಗುಮುರುಗಾಗಿ ಹೇಳಲಾಗದು.

ಅದೇ ವ್ಯಕ್ತಿಗಳನ್ನು ಎರಡು ಸಲ ಅಳೆದಿದ್ದರಂತೂ ಬಿಡಿ ವಿಶ್ವಾಸಾಂತರಗಳ ಹೋಲಿಕೆಗೆ ಅರ್ಥವೇ ಇಲ್ಲ. ಪ್ರತಿಯೊಬ್ಬರ ವ್ಯತ್ಯಾಸ ತೆಗೆದು ಅದರ ಮೇಲೆಯೇ ಸಂಖ್ಯಾಶಾಸ್ತ್ರೀಯ ಪರೀಕ್ಷೆ ನಡೆಸಬೇಕು.

ಪರೀಕ್ಷೆಯ ಹೊಸ್ತಿಲಲ್ಲಿರುವ ವಿದ್ಯಾರ್ಥಿಗಳು ಆ ತಪ್ಪು ಸಂದೇಶವನ್ನೇ ನಂಬಿ ಬರೆದಾರು ಎಂಬ ಆತಂಕ ನನ್ನದು. ದಯವಿಟ್ಟು ಆ ಸಂದೇಶವನ್ನು ಮುಂದೆ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ ಅದೇ ಗುಂಪಿಗೆ ಈ ಲೆಕ್ಕವನ್ನೂ ಹಾಕಿ.